ಕೀಲಿ ಕೊಟ್ಟ ಮೇಲೆ ಹೊಣೆ ಯಾರದು?

‘ನನ್ನ ಕಾರು ವಾರದಲ್ಲಿ ಐದು ದಿನ ಮನೆ ಮುಂದೆ ಸುಮ್ಮನೆ ನಿಂತಿರುತ್ತದೆ. ಆ್ಯಪ್‌ ಮೂಲಕ ಬೇರೆಯವರಿಗೆ ಬಾಡಿಗೆಗೆ ಕೊಡೋಣ ಎಂದುಕೊಂಡಿದ್ದೇನೆ. ಫುಲ್ ಇನ್ಶೂರೆನ್ಸ್ ಇದೆ. ಹೆದರುವುದೇಕೆ?’
– ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ನಿಮ್ಮ ಲೆಕ್ಕಾಚಾರ ತಪ್ಪಲ್ಲ. ಕಂತು ಕಟ್ಟುತ್ತಿರುವ ಕಾರು ನಿಂತಲ್ಲೇ ದೂಳು ತಿನ್ನುತ್ತಿದ್ದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಕೀಲಿ ಕೊಡುವ ಮೊದಲು ಪಾಲಿಸಿ ಹಾಳೆಯಲ್ಲಿ ‘ಲಿಮಿಟೇಷನ್ಸ್ ಆ್ಯಸ್ ಟು ಯೂಸ್’ ಎಂಬ ಸಾಲು, ಅಂದರೆ ಯಾವ ಬಳಕೆಗೆ ವಿಮೆ ಇಲ್ಲ ಎಂಬ ಪಟ್ಟಿ, ಹುಡುಕಿ. ನಿಮ್ಮ ಪತ್ರ ಬಂದ ದಿನ ನಾನೂ ನನ್ನ ಕಾರಿನದನ್ನು ತೆಗೆದು ನೋಡಿದೆ. ಸಣ್ಣ ಅಕ್ಷರದಲ್ಲಿ, ರೇಸು, ಸರಕು ಸಾಗಣೆಗಿಂತಲೂ ಮೊದಲು ಬರೆದಿದೆ: ‘ಹೈರ್ ಆರ್ ರಿವಾರ್ಡ್’, ಅಂದರೆ ಬಾಡಿಗೆ ಇಲ್ಲವೇ ಪ್ರತಿಫಲ. ಬಾಡಿಗೆಗೆ ಕೊಟ್ಟರೆ ಆ ವಿಮೆ ಅನ್ವಯಿಸದು.

ನಿಮ್ಮ ಬಂಪರು ಹೋದರೆ ಹೋಗಲಿ. ಕಾರು ಒಯ್ದವನು ತುಮಕೂರು ರಸ್ತೆಯಲ್ಲಿ ಬೈಕ್ ಸವಾರನೊಬ್ಬನಿಗೆ ಗುದ್ದಿದ ಎಂದಿಟ್ಟುಕೊಳ್ಳಿ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿತ್ತು ಎಂದು ವಿಮಾ ಕಂಪನಿ ತಕರಾರು ಎತ್ತಲು ಮೋಟಾರು ವಾಹನ ಕಾಯ್ದೆಯಲ್ಲೇ ಅವಕಾಶವಿದೆ. ಆಗಲೂ ಕೋರ್ಟು ಗಾಯಾಳುವಿನ ಕೈ ಬಿಡದೆ, ‘ಮೊದಲು ಪರಿಹಾರ ಕೊಡಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿ’ ಎನ್ನಬಹುದು. 2018ರಲ್ಲಿ ಪರ್ಮಿಟ್ ಇಲ್ಲದ ಟ್ರಕ್ಕೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ. ಇಲ್ಲಿ ಆ ಮಾಲೀಕರು ನೀವು.

ಸರಿಯಾದ ದಾರಿಯಲ್ಲೇ ಕೊಡೋಣವೆಂದರೆ 1989ರ ರೆಂಟ್‌-ಎ-ಕ್ಯಾಬ್‌ ಯೋಜನೆ (ಕಾರು ಬಾಡಿಗೆಗೆ ಕೊಡುವವರ ಪರವಾನಗಿ ನಿಯಮ) ಕನಿಷ್ಠ 50 ಕಾರು ಕೇಳುತ್ತದೆ. ಒಂದೇ ಕಾರಿನವರು ಎಲ್ಲಿಗೆ ಹೋಗಬೇಕು? ನನ್ನ ಸಿಟ್ಟು ಇರುವುದು ಈ ಕಂದಕದ ಮೇಲೆ, ನಿಮ್ಮ ಮೇಲಲ್ಲ.

ಕ್ಯಾಲಿಫೋರ್ನಿಯಾ 2010ರಲ್ಲೇ ಇದಕ್ಕೊಂದು ಕಾನೂನು ಮಾಡಿತು. ಬಾಡಿಗೆಯ ಆದಾಯ ಕಾರು ಸಾಕುವ ವಾರ್ಷಿಕ ಖರ್ಚನ್ನು ಮೀರದಿದ್ದರೆ ಅದು ಖಾಸಗಿ ಕಾರಾಗಿಯೇ ಉಳಿಯುತ್ತದೆ. ಕಾರು ಇನ್ನೊಬ್ಬರ ಕೈಯಲ್ಲಿರುವಷ್ಟು ಹೊತ್ತು ಮಾಲೀಕರ ಹೊಣೆಯನ್ನು ಕಾರು ಹಂಚಿಕೆ ಸಂಸ್ಥೆಯೇ, ಅಂದರೆ ಇಂಥ ಆ್ಯಪ್ ನಡೆಸುವವರೇ, ಹೊರಬೇಕು. ಕಾನೂನು ಹೇಳುವ ಕನಿಷ್ಠ ವಿಮೆಯ ಮೂರು ಪಟ್ಟಾದರೂ ಮಾಡಿಸಬೇಕು. ಕಾರು ಯಾವಾಗ ಹೋಯಿತು, ಎಲ್ಲಿಗೆ ಬಂತು, ಎಷ್ಟು ಮೈಲಿ ಓಡಿತು ಎಂಬ ದಾಖಲೆ ಇಡಬೇಕು. ಹಾಗಾದಾಗ ‘ಆ ಹೊತ್ತಿಗೆ ಕಾರು ಯಾರ ಕೈಲಿತ್ತು’ ಎಂಬ ಜಗಳಕ್ಕೆ ಎಡೆ ಕಡಿಮೆ. ನಮಗೂ ಇಂಥದ್ದೇ ಬೇಕು. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಆ ಸವಾರನ ಮನೆಯವರು ನಮ್ಮ ನಿಮ್ಮ ವಾದ ಮುಗಿಯುವವರೆಗೆ ಕಾಯಬಾರದು.

ಅಲ್ಲಿಯವರೆಗೆ ಆ್ಯಪ್‌ನವರನ್ನು ಬರವಣಿಗೆಯಲ್ಲೇ ಕೇಳಿ: ಮೂರನೆಯವರಿಗೆ ಪೆಟ್ಟಾದರೆ ಯಾರ ಪಾಲಿಸಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ‘ಡ್ಯಾಮೇಜ್ ಪ್ರೊಟೆಕ್ಷನ್ ಇದೆ’ ಎಂದರೆ ಒಪ್ಪಬೇಡಿ, ಅದು ನಿಮ್ಮ ಕಾರಿನ ತಗಡಿನ ಮಾತಷ್ಟೇ ಇರಬಹುದು. ಪಾಲಿಸಿಯ ಪ್ರತಿ ಕೈಗೆ ಬರುವವರೆಗೆ ಕೀಲಿ ನಿಮ್ಮ ಮನೆಯ ಮೊಳೆಯಲ್ಲೇ ಇರಲಿ.