ಅಂಕ ಒಂದೇ, ಗ್ರೇಡ್ ಯಾಕೆ ಬೇರೆ?

ಪ್ರಶ್ನೆ: ನನ್ನ ಮಗಳು ಬಿ.ಕಾಂ ಮೊದಲ ಸೆಮಿಸ್ಟರ್ ಮುಗಿಸಿದ್ದಾಳೆ. ಅಕೌಂಟಿಂಗ್ 69, ಮ್ಯಾನೇಜ್‌ಮೆಂಟ್ 59, ಮಾರ್ಕೆಟಿಂಗ್ 69, ಕನ್ನಡ 89, ಇಂಗ್ಲಿಷ್ 79 ಬಂದಿದೆ. ಒಟ್ಟು 365. ಅವಳ ಗೆಳತಿಗೆ ಇದೇ ಕ್ರಮದಲ್ಲಿ 80, 70, 70, 75, 70. ಅವಳದ್ದೂ 365. ಆದರೆ ಮಗಳ ಎಸ್‌ಜಿಪಿಎ (ಸೆಮಿಸ್ಟರ್‌ನ ಸರಾಸರಿ ಗ್ರೇಡ್ ಪಾಯಿಂಟ್) 7.28, ಗೆಳತಿಯದ್ದು 8.22! ಲೆಕ್ಕದಲ್ಲಿ ತಪ್ಪಾಗಿದೆಯಾ? ಯಾರನ್ನು ಕೇಳಬೇಕು?
— ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಲೆಕ್ಕ ಸರಿಯಾಗಿಯೇ ಇದೆ. ಸಿಟ್ಟು ಬರುವುದೂ ಸಹಜ. ಇಬ್ಬರಿಗೂ ನೂರಕ್ಕೆ 73. ನಮ್ಮ ಕಾಲದಲ್ಲಾಗಿದ್ದರೆ ಇಬ್ಬರೂ ಫಸ್ಟ್ ಕ್ಲಾಸ್, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಈಗ ಒಟ್ಟು ಅಂಕವನ್ನು ನೇರವಾಗಿ ಯಾರೂ ನೋಡುವುದಿಲ್ಲ. ಪ್ರತಿ ವಿಷಯದ ಅಂಕ ಮೊದಲು ಗ್ರೇಡ್ ಆಗುತ್ತದೆ. ಆ ಗ್ರೇಡ್ ಪಾಯಿಂಟ್‌ಗೆ ವಿಷಯದ ಕ್ರೆಡಿಟ್ (ಆ ವಿಷಯಕ್ಕೆ ಇಟ್ಟ ತೂಕ) ಗುಣಿಸುತ್ತಾರೆ. ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಎಸ್‌ಜಿಪಿಎ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2014ರಲ್ಲಿ ಕೊಟ್ಟ ಮಾದರಿ ಹತ್ತು ಪಾಯಿಂಟ್‌ನದು. 'ಓ' ಬಂದರೆ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಾಸ್ ಅಂದರೆ 4, ಫೇಲಾದರೆ ಸೊನ್ನೆ. ಎಷ್ಟು ಅಂಕಕ್ಕೆ ಯಾವ ಗ್ರೇಡ್ ಎಂಬುದನ್ನು ಆಯಾ ವಿಶ್ವವಿದ್ಯಾಲಯ ತೀರ್ಮಾನಿಸುತ್ತದೆ. ನೀವು ಕೊಟ್ಟ ಅಂಕ ನೋಡಿದರೆ ನಿಮ್ಮಲ್ಲಿ 90 ಮುಟ್ಟಿದರೆ 10, 80 ಮುಟ್ಟಿದರೆ 9, 70ಕ್ಕೆ 8, 60ಕ್ಕೆ 7, 55ಕ್ಕೆ 6 ಎಂಬ ಪಟ್ಟಿ ಇದ್ದಂತಿದೆ. ಮೂರು ಕಾಮರ್ಸ್ ವಿಷಯಕ್ಕೆ ತಲಾ 4 ಕ್ರೆಡಿಟ್, ಎರಡು ಭಾಷೆಗೆ ತಲಾ 3. ಒಟ್ಟು 18.

ಮಗಳ ಲೆಕ್ಕ ಹೀಗೆ. ಅಕೌಂಟಿಂಗ್ 69 ಅಂದರೆ 7 ಪಾಯಿಂಟ್, ನಾಲ್ಕರಿಂದ ಗುಣಿಸಿದರೆ 28. ಮ್ಯಾನೇಜ್‌ಮೆಂಟ್ 24, ಮಾರ್ಕೆಟಿಂಗ್ 28. ಕನ್ನಡಕ್ಕೆ 9 ಪಾಯಿಂಟ್, ಮೂರರಿಂದ ಗುಣಿಸಿ 27. ಇಂಗ್ಲಿಷ್ 24. ಕೂಡಿದರೆ 131. ಹದಿನೆಂಟರಿಂದ ಭಾಗಿಸಿ, 7.28. ಗೆಳತಿಗೆ 36, 32, 32, 24, 24. ಒಟ್ಟು 148, ಅಂದರೆ 8.22.

ಮಗಳ ಅಂಕಗಳನ್ನು ಇನ್ನೊಮ್ಮೆ ನೋಡಿ. 69, 59, 69, 89, 79. ಐದಕ್ಕೆ ಐದೂ ಗೆರೆಯಿಂದ ಒಂದೇ ಅಂಕ ಕೆಳಗೆ! ನಮ್ಮ ಅಡಿಕೆ ಮಂಡಿಯಲ್ಲಿ ದರ್ಜೆ ಬೇರೆ ಬೇರೆ, ಬೆಟ್ಟೆ ಅಂದರೆ ಬೆಟ್ಟೆ, ರಾಶಿ ಅಂದರೆ ರಾಶಿ. ಇನ್ನೇನು ಬೆಟ್ಟೆ ಆಗುತ್ತಿತ್ತು ಅಂತ ಯಾರೂ ಜಾಸ್ತಿ ರೇಟು ಹಾಕುವುದಿಲ್ಲ. ಇಲ್ಲೂ ಅಷ್ಟೇ. 69 ಬಂದವಳಿಗೂ 60 ಬಂದವಳಿಗೂ ಸಿಗುವುದು ಅದೇ 7. ಗೆಳತಿಯ 80, 70, 70, 70 ಸರಿಯಾಗಿ ಗೆರೆ ಮೇಲೆ ಕೂತಿವೆ. ನಿಮ್ಮ ಮಗಳಿಗೆ ಪ್ರತಿ ವಿಷಯದಲ್ಲಿ ಒಂದೊಂದೇ ಅಂಕ ಜಾಸ್ತಿ ಬಂದಿದ್ದರೆ, ಒಟ್ಟು 370 ಆಗಿ ಎಸ್‌ಜಿಪಿಎ 8.28 ಆಗುತ್ತಿತ್ತು. ಐದು ಅಂಕಕ್ಕೆ ಪೂರಾ ಒಂದು ಪಾಯಿಂಟ್.

ಕ್ರೆಡಿಟ್‌ನ ಪಾಲೂ ಸ್ವಲ್ಪ ಇದೆ. ಮಗಳು ಜಾಸ್ತಿ ತೆಗೆದದ್ದು 3 ಕ್ರೆಡಿಟ್‌ನ ಭಾಷೆಗಳಲ್ಲಿ, ಗೆಳತಿ 4 ಕ್ರೆಡಿಟ್‌ನ ವಿಷಯಗಳಲ್ಲಿ. ಆದರೆ ಅದರಿಂದ ಆದ ನಷ್ಟ ಸಣ್ಣದು. ಕೆಲವು ಕಡೆ ಅಂಕವನ್ನು ಹತ್ತರಿಂದ ಭಾಗಿಸಿ, 69ಕ್ಕೆ 6.9 ಎಂದೇ ಪಾಯಿಂಟ್ ಕೊಡುವ ಪದ್ಧತಿ ಇದೆ. ಆ ಲೆಕ್ಕದಲ್ಲಿ ಮಗಳಿಗೆ 7.18, ಗೆಳತಿಗೆ 7.31. ಅಂತರ ಇಷ್ಟೇ. ನನ್ನನ್ನು ಕೇಳಿದರೆ ಅದೇ ನ್ಯಾಯವಾದ ಪದ್ಧತಿ. ಒಂದು ಅಂಕ ಹೆಚ್ಚುಕಡಿಮೆ ಹಾಕುವುದು ಮೌಲ್ಯಮಾಪಕರ ಕೈಯಲ್ಲಿ ದಿನಾ ನಡೆಯುವ ಮಾತು. ಅದಕ್ಕೆ ಇಷ್ಟು ದೊಡ್ಡ ಮೆಟ್ಟಿಲು ಯಾಕೆ ಬೇಕು?

ಈಗ ಮಾಡಬೇಕಾದ ಕೆಲಸ. ಉತ್ತರಪತ್ರಿಕೆಯ ಜೆರಾಕ್ಸ್‌ಗೆ ಅರ್ಜಿ ಹಾಕಿ. ಐದಕ್ಕೂ ಬೇಡ, ಸುಮ್ನೆ ದುಡ್ಡು ದಂಡ. 4 ಕ್ರೆಡಿಟ್‌ನ ಮೂರಕ್ಕೆ ಹಾಕಿದರೆ ಸಾಕು. ಕೈಗೆ ಬಂದ ಮೇಲೆ ಕೂಡಿಸಿದ್ದು ಸರಿ ಇದೆಯಾ, ಯಾವುದಾದರೂ ಉತ್ತರಕ್ಕೆ ಅಂಕ ಹಾಕುವುದು ಬಿಟ್ಟುಹೋಗಿದೆಯಾ ನೋಡಿ. ಕೂಡಿಸುವುದರಲ್ಲಿ ತಪ್ಪಿದ್ದರೆ ಮರುಎಣಿಕೆ ಸಾಕು, ಉತ್ತರಕ್ಕೇ ಅಂಕ ಕಡಿಮೆ ಅನ್ನಿಸಿದರೆ ಮಾತ್ರ ಮರುಮೌಲ್ಯಮಾಪನ. ಅದರಲ್ಲಿ ಅಂಕ ಇಳಿದರೆ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಮೊದಲೇ ನಿಯಮ ಓದಿಕೊಳ್ಳಿ. ತಿದ್ದಿದ ಉತ್ತರಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗಿದೆ. ಸಿಬಿಎಸ್‌ಇಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಅದನ್ನು ಮಾಹಿತಿ ಹಕ್ಕಿನಡಿ ಎತ್ತಿಹಿಡಿದಿದೆ. ಆದರೆ ಅರ್ಜಿ ಹಾಕಲು ಫಲಿತಾಂಶದ ನಂತರ ಸಿಗುವುದು ಕೆಲವೇ ದಿನ. ತೋಟದ ಕೆಲಸ ಮುಗಿಯಲಿ, ಆಮೇಲೆ ನೋಡೋಣ ಅಂದರೆ ಕೊನೇ ದಿನ ದಾಟಿರುತ್ತದೆ.

ಪ್ರಶ್ನೆ: ಆಗಸ್ಟ್ ಮಳೆಗೆ ನಮ್ಮೂರಿನ ಬಸ್ ಬರಲಿಲ್ಲ, ಎರಡನೇ ಇಂಟರ್ನಲ್ (ಕಾಲೇಜೇ ನಡೆಸುವ ಟೆಸ್ಟ್) ತಪ್ಪಿತು. ಈಗ 20ಕ್ಕೆ 8 ಬಂದಿದೆ. ಮುಂದಿನ ಸಲ ಪರೀಕ್ಷೆ ಬರೆದು ಸರಿ ಮಾಡಿಕೊಳ್ಳಬಹುದಾ?
— ವಿದ್ಯಾರ್ಥಿ, ಹೊಸನಗರ ತಾಲ್ಲೂಕು

ಉತ್ತರ: ಸಾಮಾನ್ಯವಾಗಿ ಆಗುವುದಿಲ್ಲ. ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. ಮತ್ತೆ ಬರೆಯಲು ಸಿಗುವುದು ಸೆಮಿಸ್ಟರ್ ಕೊನೆಯ ಪರೀಕ್ಷೆ ಮಾತ್ರ. ಇಂಟರ್ನಲ್ ಅಂಕ ಒಮ್ಮೆ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಅಪ್‌ಲೋಡ್ ಆದರೆ, ಎಷ್ಟು ಸಲ ಪರೀಕ್ಷೆ ಕಟ್ಟಿದರೂ ಅದೇ 8 ಹಿಂದೆ ಬರುತ್ತಿರುತ್ತದೆ.

ಇಂಟರ್ನಲ್‌ನ ತೂಕ ಕೂಡ ಬದಲಾಗಿದೆ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಇದ್ದಾಗ, ಅಂದರೆ 2021-22ರಿಂದ ಸೇರಿದವರಿಗೆ, ಥಿಯರಿ ವಿಷಯದಲ್ಲಿ 40 ಅಂಕ ಕಾಲೇಜಿನ ಕೈಯಲ್ಲಿತ್ತು. 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದ ಮೇಲೆ ಅದು 20ಕ್ಕೆ ಇಳಿಯಿತು. ಕಡಿಮೆಯಾಯಿತಲ್ಲ ಎಂದು ಹಗುರವಾಗಿ ನೋಡಬೇಡಿ. ಮೇಲಿನ ಪ್ರಶ್ನೆ ಓದಿದ್ದರೆ ಒಂದು ಅಂಕದ ಬೆಲೆ ಗೊತ್ತಾಗಿರಬೇಕು.

ನಿಮ್ಮ ಅಂಕ ಇನ್ನೂ ಅಪ್‌ಲೋಡ್ ಆಗಿಲ್ಲದಿದ್ದರೆ ದಾರಿ ಇದೆ. ವಿಭಾಗದ ಮುಖ್ಯಸ್ಥರಿಗೆ ಬರಹದಲ್ಲಿ ಅರ್ಜಿ ಕೊಟ್ಟು ಮರುಪರೀಕ್ಷೆ ಕೇಳಿ. ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಬಾಯಲ್ಲಿ ಹೇಳಿದ್ದು ಎರಡು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಬಸ್ ಬಂದಿರಲಿಲ್ಲ ಎಂದು ಅದೇ ದಾರಿಯ ಇನ್ನಿಬ್ಬರು ಸಹಿ ಹಾಕಿದರೆ ಅರ್ಜಿಗೆ ಬಲ ಬರುತ್ತದೆ. ಇನ್ನೊಂದು ಮಾತು. ಡಿಸಿ ಮಳೆ ರಜೆ ಕೊಟ್ಟರು ಅಂತ ಮನೆಯಲ್ಲಿ ಕೂರುವ ಮೊದಲು ಆದೇಶ ಓದಿ. ಎಷ್ಟೋ ಸಲ ಅದು ಪಿಯುಸಿವರೆಗೆ ಮಾತ್ರ ಇರುತ್ತದೆ, ಡಿಗ್ರಿ ಕಾಲೇಜು ನಡೆಯುತ್ತಿರುತ್ತದೆ.

ಅಪ್‌ಲೋಡ್ ಮಾಡುವ ಮೊದಲು ಇಂಟರ್ನಲ್ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುವ ಅಥವಾ ನಿಮ್ಮಿಂದ ಸಹಿ ಮಾಡಿಸುವ ಕಾಲೇಜುಗಳಿವೆ. ಆಗ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್ ಬೇರೆ ಬೇರೆ ಕಾಲಂನಲ್ಲಿರುತ್ತವೆ. ಕೊಟ್ಟ ಅಸೈನ್‌ಮೆಂಟ್ ಎದುರು ಗೀಟು ಬಿದ್ದಿದ್ದರೆ ಅಲ್ಲೇ ಕೇಳಿ.

ಪ್ರಶ್ನೆ: ಬ್ಯಾಂಕ್ ಅರ್ಜಿಯಲ್ಲಿ ಪರ್ಸೆಂಟೇಜ್ ಕೇಳುತ್ತಾರೆ. ಸಿಜಿಪಿಎಯನ್ನು (ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ ಪಾಯಿಂಟ್) 9.5ರಿಂದ ಗುಣಿಸಬೇಕು ಅಂತ ಒಬ್ಬರು, 10ರಿಂದ ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?
— ಪದವೀಧರ, ಸಾಗರ

ಉತ್ತರ: ನಿಮ್ಮ ವಿಶ್ವವಿದ್ಯಾಲಯ ಹೇಳಿದ್ದು ಮಾತ್ರ ಸರಿ. 9.5 ಎಂಬುದು ಹಿಂದೆ ಸಿಬಿಎಸ್‌ಇ ಹತ್ತನೇ ತರಗತಿಗೆ ಇದ್ದ ಲೆಕ್ಕ, ಅದು ಎಲ್ಲ ಡಿಗ್ರಿಗೂ ಅನ್ವಯಿಸುವುದಿಲ್ಲ. ಎಐಸಿಟಿಇ (ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಸೂತ್ರದಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುತ್ತಾರೆ. ಮೊದಲ ಪ್ರಶ್ನೆಯ ಹುಡುಗಿಯ 7.28ನ್ನೇ ಹಾಕಿ ನೋಡಿ. ಹತ್ತರಿಂದ ಗುಣಿಸಿದರೆ 72.8, 9.5ರಿಂದ 69.16, ಎಐಸಿಟಿಇ ಲೆಕ್ಕದಲ್ಲಿ 65.3. ಅವಳ ನಿಜವಾದ ಅಂಕ 73!

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಕಲಾ, ವಾಣಿಜ್ಯ, ವಿಜ್ಞಾನ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ, ಇಂಜಿನಿಯರಿಂಗ್ ಕಾಲೇಜುಗಳು ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿವೆ. ಕೃಷಿ ಓದಿದವರದ್ದು ನಿಮ್ಮದೇ ತಾಲ್ಲೂಕಿನ ಇರುವಕ್ಕಿಯ ವಿಶ್ವವಿದ್ಯಾಲಯ. ಪಕ್ಕದ ಮನೆಯವರ ಸೂತ್ರ ನಿಮಗೆ ಹೊಂದಬೇಕೆಂದಿಲ್ಲ. ಅಂಕಪಟ್ಟಿಯ ಹಿಂಬದಿ ನೋಡಿ. ಅಲ್ಲಿಲ್ಲದಿದ್ದರೆ ಪರೀಕ್ಷಾ ವಿಭಾಗದಿಂದ ಪರಿವರ್ತನಾ ಪತ್ರ ತೆಗೆದುಕೊಳ್ಳಿ. ಕುವೆಂಪು ವಿಶ್ವವಿದ್ಯಾಲಯದವರಾದರೆ ಶಂಕರಘಟ್ಟದಲ್ಲಿ ವಿಚಾರಿಸಿ. ಸಂದರ್ಶನ ಅಥವಾ ದಾಖಲೆ ಪರಿಶೀಲನೆಗೆ ಕರೆದಾಗ ಓಡಾಡುವ ಬದಲು ಈಗಲೇ ತಂದಿಟ್ಟುಕೊಳ್ಳಿ. ಅರ್ಜಿಯಲ್ಲಿ ಅಂಕಿಯನ್ನು ಮೇಲಕ್ಕೆ ಪೂರ್ಣಗೊಳಿಸಲೂ ಹೋಗಬೇಡಿ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅಧಿಸೂಚನೆಗಳಲ್ಲಿ 59.99 ಅಂದರೆ 60ಕ್ಕಿಂತ ಕಡಿಮೆ ಎಂದು ಸ್ಪಷ್ಟವಾಗಿ ಬರೆದಿರುತ್ತಾರೆ.