ಜೋಸ್ಲ್ಯಾಂ: ಹೊರಗೆ ಕೋಟೆ, ಒಳಗೆ ಅರಮನೆ

ಫ್ರಾನ್ಸಿನ ಜೋಸ್ಲ್ಯಾಂ ನದಿ ಕಡೆಯಿಂದ ಕೋಟೆಯಂತೆ, ಅಂಗಳದಿಂದ ಅರಮನೆಯಂತೆ ಕಾಣುತ್ತದೆ, ಇವು ಎರಡು ಬೇರೆ ಕಟ್ಟಡಗಳಾ ಎಂದು ಕೇಳಿದ್ದೀರಿ. ಅಲ್ಲ, ಒಂದೇ ಕಟ್ಟಡದ ಎರಡು ಮುಖ. ಕಾಲ ಮಾತ್ರ ಬೇರೆ.

ಫ್ರಾನ್ಸಿನ ಪಶ್ಚಿಮದ ಬ್ರಿಟನಿ ಪ್ರಾಂತ್ಯದ ಈ ಜಾಗವನ್ನು ಒಲಿವಿಯೆ ದ ಕ್ಲಿಸ್ಸಾಂ 1370ರಲ್ಲಿ ಪಡೆದ. ಮುಂದೆ ಫ್ರಾನ್ಸಿನ ಮಹಾ ಸೇನಾಪತಿಯಾದವನು. ಊಸ್ಟ್ ನದಿಯ ಮೇಲೆ ಎದ್ದು ನಿಂತಿರುವ ದುಂಡು ಗೋಪುರಗಳು ಅವನ ಕಾಲದವು. ಅವನ ಮಗಳು ರೋಆಂ ಮನೆತನಕ್ಕೆ ಸೊಸೆಯಾಗಿ ಹೋದಳು, ಕೋಟೆಯೂ ಆ ಮನೆತನದ ಪಾಲಾಯಿತು. 1488ರಲ್ಲಿ ಬ್ರಿಟನಿಯ ಡ್ಯೂಕ್ ಅದನ್ನು ಒಂದಿಷ್ಟು ಕೆಡವಿಸಿದ.

ನೀವು ಮೆಚ್ಚಿದ ಅಂಗಳದ ಮುಖ ಅದಾದ ಮೇಲೆ ಎರಡನೇ ಜಾಂ ದ ರೋಆಂ ಕಟ್ಟಿಸಿದ್ದು. ಹತ್ತಿರದಿಂದ ನೋಡಿ, ಅದೆಲ್ಲ ಗ್ರಾನೈಟ್! ಅಷ್ಟು ಗಟ್ಟಿ ಕಲ್ಲಿನಲ್ಲಿ ಇಷ್ಟು ನಾಜೂಕು ಕೆತ್ತನೆ ಮಾಡೋದು ಸುಮ್ನೆ ಅಲ್ಲ. ಚಾವಣಿಯಂಚಿನ ಕಟಾಂಜನಕ್ಕಂತೂ ಒಂದು ಗಂಟೆ ಕೊಟ್ಟರೂ ಸಾಲದು. ನನಗೆ ಲ್ವಾರ್ ಕಣಿವೆಯ ಬಿಳಿಕಲ್ಲಿನ ಅರಮನೆಗಳಿಗಿಂತ ಇದೇ ಜಾಸ್ತಿ ಇಷ್ಟ.

ನದಿ ಕಡೆಯವು ಬಿಟ್ಟು ಉಳಿದ ಗೋಪುರಗಳು ಎಲ್ಲಿ ಹೋದವು ಅಂತೀರಾ? ರೋಆಂ ಮನೆಯವರು ಪ್ರಾಟೆಸ್ಟೆಂಟರ ಪರ ನಿಂತಿದ್ದರು. ಅದಕ್ಕೇ 1629ರಲ್ಲಿ ಕ್ಯಾಥೊಲಿಕ್ ರಾಜನ ಮುಖ್ಯಮಂತ್ರಿ ರಿಶ್ಲ್ಯೂ ಮುಖ್ಯ ಬುರುಜನ್ನೂ ಹಲವು ಗೋಪುರಗಳನ್ನೂ ಕೆಡವಿಸಿದ. 19ನೇ ಶತಮಾನದಲ್ಲಿ ದುರಸ್ತಿಯಾಯಿತು. ಅದೇ ಮನೆತನ ಈಗಲೂ ಅಲ್ಲೇ ಇದೆ, ಹಾಗಾಗಿ ಒಳಗೆ ನೋಡಲು ಸಿಗೋದು ನೆಲಮಹಡಿಯ ಕೋಣೆಗಳಷ್ಟೇ.