ಗುಡ್ಡದ ಗಾಳಿಯನ್ನು ಕೋಣೆಯೊಳಗೆ ಅಳೆಯಬಹುದೇ?

ಪ್ರಶ್ನೆ: ಗುಡ್ಡಗಳ ಪುಟ್ಟ ಮಾದರಿಯನ್ನು ಗಾಳಿ ಸುರಂಗದಲ್ಲಿ (ಫ್ಯಾನಿನಿಂದ ಗಾಳಿ ಹಾಯಿಸುವ ಉದ್ದನೆಯ ಕೋಣೆಯಲ್ಲಿ) ಇಟ್ಟು ಅಲ್ಲಿನ ಗಾಳಿಯ ವೇಗವನ್ನು ಅಂದಾಜು ಮಾಡುತ್ತಾರೆಂದು ಕೇಳಿದ್ದೇನೆ. ಅಷ್ಟು ಚಿಕ್ಕ ಮಾದರಿಯ ಮೇಲೂ ಗಾಳಿ ನಿಜವಾದ ಗುಡ್ಡದ ಮೇಲಿನಂತೆಯೇ ಬೀಸುತ್ತದೆಯೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಗಾಳಿಗೆ ಎದುರಾದ ಮಗ್ಗುಲು ಮತ್ತು ನೆತ್ತಿಯ ಮಟ್ಟಿಗೆ ಬಹುಪಾಲು ಹೌದು, ಗಾಳಿಮರೆಯ ಇಳಿಜಾರಿನ ಮಟ್ಟಿಗೆ ಅಷ್ಟು ಧೈರ್ಯವಾಗಿ ಹೇಳಲಾಗದು.

ಇದನ್ನು ಒರೆಗೆ ಹಚ್ಚಿದ ಹೆಸರಾಂತ ಗುಡ್ಡವೆಂದರೆ ಸ್ಕಾಟ್ಲೆಂಡಿನ ಸೌತ್ ಯೂಯಿಸ್ಟ್ ದ್ವೀಪದ ಆಸ್ಕರ್ವೇನ್. ಸುಮಾರು 2 ಕಿ.ಮೀ. ಉದ್ದ, 1 ಕಿ.ಮೀ. ಅಗಲವಿರುವ ಇದು ಸುತ್ತಲಿನ ನೆಲದಿಂದ 116 ಮೀಟರ್ ಎತ್ತರಕ್ಕಿದೆ. 1982 ಮತ್ತು 1983ರಲ್ಲಿ ವಿಜ್ಞಾನಿಗಳು ಇದರ ಮೇಲೆ ಸುಮಾರು 50 ಕಂಬಗಳನ್ನು ನಿಲ್ಲಿಸಿ ಗಾಳಿಯನ್ನು ಅಳೆದರು. ನೆಲದಿಂದ 10 ಮೀಟರ್ ಎತ್ತರದಲ್ಲಿ, ಬಯಲಿನಲ್ಲಿದ್ದುದಕ್ಕಿಂತ ನೆತ್ತಿಯಲ್ಲಿ ಗಾಳಿಯ ವೇಗ ಸುಮಾರು ಶೇ. 80ರಷ್ಟು ಹೆಚ್ಚಿತ್ತು. ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಇದು ಶಕ್ತಿಯ ಲೆಕ್ಕದಲ್ಲಿ ಆರು ಪಟ್ಟಿನ ಹತ್ತಿರ ಹೋಗುತ್ತದೆ.

ಇದೇ ಗುಡ್ಡದ 1:800, 1:1200 ಮತ್ತು 1:2500 ಅಳತೆಯ ಮಾದರಿಗಳನ್ನು ಗಾಳಿ ಸುರಂಗಗಳಲ್ಲಿ ಪರೀಕ್ಷಿಸಲಾಯಿತು. ಇವುಗಳಲ್ಲಿ ಅತ್ಯಂತ ದೊಡ್ಡದಾದ 1:800ರ ಮಾದರಿಯಲ್ಲೂ ಗುಡ್ಡದ ಎತ್ತರ 14.5 ಸೆಂಟಿಮೀಟರ್ ಮಾತ್ರ. ಕಂಬದ ಆ 10 ಮೀಟರ್ ಅಲ್ಲಿ 12.5 ಮಿಲಿಮೀಟರಿಗೆ ಇಳಿಯುತ್ತದೆ. ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಹರಿವಿನ ಮೇಲೆ ಗಾಳಿಯ ಸ್ನಿಗ್ಧತೆಯ (ಹರಿವನ್ನು ತಡೆಯುವ ಅಂಟುತನದ) ಪ್ರಭಾವ ಎಷ್ಟೆಂಬುದನ್ನು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ ಎರಡೂ ಕಡೆ ಒಂದೇ ಆಗಿರಬೇಕಾದರೆ, ಗಾತ್ರ 800 ಪಟ್ಟು ಇಳಿದಾಗ ವೇಗವನ್ನು 800 ಪಟ್ಟು ಏರಿಸಬೇಕು, ಅಂದರೆ ಸೆಕೆಂಡಿಗೆ 10 ಮೀಟರಿನ ಗಾಳಿಯನ್ನು 8 ಕಿಲೋಮೀಟರಿಗೆ ಒಯ್ಯಬೇಕು, ಇದು ಅಸಾಧ್ಯ. ಆದರೆ ಮೇಲ್ಮೈ ಸಾಕಷ್ಟು ಒರಟಾಗಿದ್ದರೆ ಹರಿವು ಸ್ನಿಗ್ಧತೆಯನ್ನು ಅವಲಂಬಿಸುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಹುಲ್ಲಿನ ಒರಟುತನವನ್ನೂ ಅದೇ ಅಳತೆಯಲ್ಲಿ ಕುಗ್ಗಿಸಿದರೆ ಮಾದರಿ ತೀರಾ ನುಣುಪಾಗುವುದರಿಂದ, ಅದನ್ನು ಬೇಕೆಂದೇ ಹೆಚ್ಚು ಒರಟಾಗಿಸುವುದುಂಟು. ಈ ರಾಜಿಯ ಬೆಲೆ ಕಾಣುವುದು ಗಾಳಿಮರೆಯ ಬದಿಯಲ್ಲಿ: ಅಲ್ಲಿ ಹರಿವು ನೆಲ ಬಿಟ್ಟು ಮೇಲೇಳುವುದೋ ಇಲ್ಲವೋ ಎಂಬುದು ಇಳಿಜಾರಿನಷ್ಟೇ ಒರಟುತನವನ್ನೂ ಅವಲಂಬಿಸಿದೆ.

ಆಸ್ಕರ್ವೇನ್ ಹೆಚ್ಚುಕಡಿಮೆ ಒಂಟಿ ಗುಡ್ಡ. ನಿಮ್ಮ ಜೋಗಿಮಟ್ಟಿಯ ಸುತ್ತ ಇರುವಂತೆ ಗುಡ್ಡಗಳ ಸಾಲೇ ಇದ್ದರೆ, ಗಾಳಿ ಬರುವ ದಿಕ್ಕಿನ ಗುಡ್ಡಗಳನ್ನೂ ಮಾದರಿಯಲ್ಲಿ ಸೇರಿಸಲೇಬೇಕು. ಮುಂದಿನ ಗುಡ್ಡ ಎಬ್ಬಿಸಿದ ಸುಳಿಗಳು ಹಿಂದಿನ ಗುಡ್ಡದ ಮೇಲಿನ ಗಾಳಿಯನ್ನೇ ಬದಲಿಸಿಬಿಡುತ್ತವೆ. ರಾತ್ರಿ ನೆಲ ತಣಿದು, ತಂಪಾದ ಗಾಳಿ ಕಣಿವೆಗೆ ಇಳಿಯುವ ಬಗೆಯಂತೂ ಸಾಮಾನ್ಯ ಗಾಳಿ ಸುರಂಗದಲ್ಲಿ ಮೂಡುವುದೇ ಇಲ್ಲ. ಅದಕ್ಕೆ ಗಾಳಿಯನ್ನು ಪದರ ಪದರವಾಗಿ ಬಿಸಿ ಮಾಡುವ ಅಥವಾ ತಂಪಾಗಿಸುವ ವಿಶೇಷ ಸುರಂಗ ಬೇಕು.